ಕುಮಾರ ಪರ್ವತದ ನೆತ್ತಿಯ ಮಣ್ಣು

ಕುಮಾರ ಪರ್ವತಕ್ಕೆ ರಸ್ತೆಯಿಲ್ಲ. ಮುಳ್ಳಯ್ಯನಗಿರಿಯಾದರೆ ನೆತ್ತಿಯ ಹತ್ತಿರದವರೆಗೂ ಕಾರಿನಲ್ಲಿ ಹೋಗಿ, ಉಳಿದ ಮೆಟ್ಟಿಲು ಹತ್ತಿ, ಗದ್ದುಗೆಗೆ ಕೈಮುಗಿದು, ಮಧ್ಯಾಹ್ನದ ಊಟಕ್ಕೆ ಚಿಕ್ಕಮಗಳೂರಿಗೆ ಇಳಿದುಬಿಡಬಹುದು. ಇಲ್ಲಿ ಆ ಆಟ ನಡೆಯದು. ಕುಕ್ಕೆ ಸುಬ್ರಹ್ಮಣ್ಯದ ದೇವರಗದ್ದೆಯ ಕಡೆಯಿಂದ ಕಾಡು ಹೊಕ್ಕು, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು, ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿ ತೋರಿಸಿ, ಕಲ್ಲುಮಂಟಪದಲ್ಲಿ ಉಸಿರು ಸುಧಾರಿಸಿಕೊಂಡು, ಶೇಷ ಪರ್ವತದ ಬೆನ್ನೇರಿ, ಮತ್ತೆ ಬೆಟ್ಟದ ಮಡಿಕೆಯಲ್ಲಿನ ಒಂದು ತುಂಡು ಶೋಲಾ ಕಾಡಿನೊಳಗೆ ಇಳಿದು, ಬಂಡೆ ಹತ್ತಿದರಷ್ಟೇ ತುದಿ. ಸೋಮವಾರಪೇಟೆಯ ಬೀದಳ್ಳಿ ಕಡೆಯಿಂದ ಬಂದರೆ ಹಾದಿ ಗಿಡ್ಡ, ಆದರೆ ಜಾರುಬಂಡೆಗಳ ಲೆಕ್ಕ ಬೇರೆ. ಎತ್ತರ 1712 ಮೀಟರ್. ಹಿಮಾಲಯ ಕಂಡವರು ಇದನ್ನು ಬೆಟ್ಟವೆಂದೇ ಒಪ್ಪಲಿಕ್ಕಿಲ್ಲ. ಆದರೆ ಕುಕ್ಕೆ ಇರುವುದು ಘಟ್ಟದ ಬುಡದ ತಗ್ಗಿನಲ್ಲಿ. ಅಲ್ಲಿಂದ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರನ್ನು ಕಾಲ್ನಡಿಗೆಯಲ್ಲೇ ಹತ್ತಬೇಕು. ಹತ್ತಿದವರ ಮಂಡಿಗೆ ಇದು ಸಣ್ಣ ಬೆಟ್ಟವಲ್ಲ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆ ಶುಕ್ರವಾರ ಬಿದ್ದು ವಾರಾಂತ್ಯಕ್ಕೆ ಅಂಟಿಕೊಂಡಿತು. ಆಗ ಈ ಹಾದಿಯಲ್ಲಿ ಸಾವಿರಾರು ಮಂದಿ ಒಬ್ಬರ ಬೆನ್ನಿಗೊಬ್ಬರು ನಿಂತ ವಿಡಿಯೊ ಊರೆಲ್ಲ ಸುತ್ತಿತು. ಜಾತ್ರೆ ಎಂದು ನಕ್ಕವರು ಕೆಲವರು, ಬೆಟ್ಟ ಹಾಳಾಯಿತೆಂದು ಮರುಗಿದವರು ಹಲವರು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ನೋಂದಣಿ ಇಲ್ಲದ ಚಾರಣದ ಹಾದಿಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ನೋಂದಣಿಗೆ ‘ಅರಣ್ಯ ವಿಹಾರ’ ಜಾಲತಾಣ ಬಂತು, ಹಾದಿಯೊಂದಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಒಳ್ಳೆಯದೇ ಆಯಿತು. ಆ ನೂಕುನುಗ್ಗಲಿನಲ್ಲಿ ಒಬ್ಬರು ಜಾರಿ ಬಿದ್ದಿದ್ದರೂ ಹೊತ್ತು ಇಳಿಸುವುದು ಕಷ್ಟವಿತ್ತು.

ಆದರೆ ತಲೆ ಎಣಿಸಿದ ಮಾತ್ರಕ್ಕೆ ತುದಿ ಉಳಿಯುತ್ತದೆ ಎಂಬ ನಂಬಿಕೆ ನನಗಿಲ್ಲ. ಗೋಣಿಚೀಲ ಹಿಡಿದು ಹೋಗಿ ಬಾಟಲಿ ಹೆಕ್ಕಿ ತಂದರೆ ಮುಗಿಯಿತು ಎಂಬುದನ್ನೂ ನಂಬುವುದಿಲ್ಲ. ಬಾಟಲಿ ಹೆಕ್ಕುವ ಕೆಲಸ ಬೇಕೇ ಬೇಕು, ಆದರೆ ಅದು ಸುಲಭದ ಕೆಲಸ. ಹೆಕ್ಕಿದ ಬಾಟಲಿ ಹೋಯಿತು, ಆ ಜಾಗ ಮೊದಲಿನಂತಾಯಿತು, ಗುಂಪಾಗಿ ನಿಂತು ಫೋಟೊ ತೆಗೆಸಿಕೊಂಡರೆ ಚೆನ್ನಾಗಿಯೂ ಬರುತ್ತದೆ. ತುದಿ ಕಳೆದುಕೊಳ್ಳುತ್ತಿರುವುದು ಮಣ್ಣನ್ನು. ಅದು ಫೋಟೊಗೆ ಸಿಗುವುದಿಲ್ಲ, ಚೀಲದಲ್ಲಿ ತುಂಬಿ ವಾಪಸ್ ತರಲೂ ಆಗುವುದಿಲ್ಲ.

ಶೇಷ ಪರ್ವತದ ಹುಲ್ಲುಗಾವಲಿನಲ್ಲಿ ಹಾದಿಯ ಅಂಚಿಗೆ ಒಮ್ಮೆ ಕುಕ್ಕರುಗಾಲಿನಲ್ಲಿ ಕೂತು ನೋಡಿ. ಹುಲ್ಲು ಒಂದೇ ಹಾಸಾಗಿ ಬೆಳೆದಿರುವುದಿಲ್ಲ, ಬುಡ ಬುಡವಾಗಿ, ಗುಪ್ಪೆ ಗುಪ್ಪೆಯಾಗಿ ನಿಂತಿರುತ್ತದೆ. ಪ್ರತಿ ಬುಡದ ಕೆಳಗೂ ಕೂದಲಿನಷ್ಟು ತೆಳ್ಳಗಿನ ಬೇರುಗಳ ಗಂಟು. ಆ ಗಂಟು ಹಿಡಿದುಕೊಂಡಿರುವುದು ಅಂಗೈ ಆಳದ ಕಪ್ಪು ಮಣ್ಣನ್ನು, ಅದರ ಕೆಳಗೆ ಮುರಿಕಲ್ಲು, ಅದರ ಕೆಳಗೆ ಬಂಡೆ. ಹಾದಿಯ ಕಡೆಯ ಬುಡಗಳನ್ನು ಶೂಗಳು ಅರ್ಧಕ್ಕೆ ಕತ್ತರಿಸಿರುತ್ತವೆ. ಕತ್ತರಿಸಿದ ಮಗ್ಗುಲಲ್ಲಿ ಬೇರು ಗಾಳಿಗೆ ಒಡ್ಡಿಕೊಂಡು ಕಂದಿ, ಬೆರಳಲ್ಲಿ ಮುಟ್ಟಿದರೆ ಪುಡಿಪುಡಿ. ಮುಂದಿನ ಮಳೆಗೆ ಆ ಬುಡ ಉರುಳುತ್ತದೆ. ಅದರ ಹಿಂದಿನದು ಹೊಸ ಅಂಚಾಗುತ್ತದೆ.

ಕಾಲು ಮಾಡುವ ಕೆಡುಕು ಹೀಗೆ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಎಲೆ ಮತ್ತು ತೆನೆ ಮುರಿಯುತ್ತವೆ, ಆ ವರ್ಷದ ಬೀಜ ಹೋಯಿತು. ಬಳಿಕ ಮಣ್ಣಿನೊಳಗಿನ ಸಣ್ಣ ಸಣ್ಣ ಗಾಳಿಗೂಡುಗಳು ಒತ್ತಿಹೋಗುತ್ತವೆ, ಮಳೆನೀರು ಇಂಗಲು ಬಾಗಿಲಿಲ್ಲ. ಇಂಗದ ನೀರು ಹರಿಯಲೇಬೇಕು, ಹರಿಯಲು ಹಾದಿಯೇ ಕಾಲುವೆ. ನೀರು ಮೊದಲು ನುಣ್ಣನೆಯ ಮಣ್ಣನ್ನು ಒಯ್ಯುತ್ತದೆ, ಮುರಿಕಲ್ಲು ಉಳಿಯುತ್ತದೆ. ಮುರಿಕಲ್ಲಿನ ಮೇಲೆ ಕಾಲು ಹೊರಳುತ್ತದೆಂದು ಚಾರಣಿಗ ಪಕ್ಕದ ಹುಲ್ಲಿಗೆ ಹತ್ತುತ್ತಾನೆ. ಹುಲ್ಲಿನ ಮೇಲಿನ ಆ ಹೊಸ ಗೆರೆ ಎರಡು ಮಳೆಗಾಲ ಕಳೆಯುವುದರೊಳಗೆ ಎರಡನೇ ಕೊರಕಲು. ಎದುರಿನ ಗುಡ್ಡದಿಂದ ನೋಡಿದರೆ ಒಂದು ಹಾದಿ ಇರಬೇಕಾದಲ್ಲಿ ನಾಲ್ಕು ಬಿಳಿಗೆರೆ ಕಾಣುವುದು ಇದಕ್ಕೇ. ಯಾರೂ ಬೇಕೆಂದು ಮಾಡಿದ್ದಲ್ಲ. ಪ್ರತಿಯೊಬ್ಬರೂ ತಮ್ಮ ಕಣಕಾಲು ಉಳಿಸಿಕೊಳ್ಳಲು ನೋಡಿದ್ದು, ಅಷ್ಟೇ.

ಈ ತುಳಿತವನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕದ ಅರಣ್ಯ ಸೇವೆಯ ಡೇವಿಡ್ ಕೋಲ್ ಮತ್ತು ಸ್ಕಾಟ್ಲೆಂಡಿನ ನೀಲ್ ಬೇಫೀಲ್ಡ್ 1993ರಲ್ಲಿ ಇದಕ್ಕೊಂದು ಸರಳ ಕ್ರಮ ರೂಪಿಸಿದರು. ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತಿಸಿ, ಒಂದರ ಮೇಲೆ 25 ಸಲ, ಇನ್ನೊಂದರ ಮೇಲೆ 75, ಮುಂದೆ 200, 500 ಸಲ ನಡೆಯುವುದು. ಒಂದು ಪಟ್ಟಿಯನ್ನು ಮುಟ್ಟದೆ ಬಿಡುವುದು. ಆಮೇಲೆ ಎಷ್ಟು ಹಸಿರು ಉಳಿಯಿತು, ವರ್ಷದ ನಂತರ ಎಷ್ಟು ಮರಳಿತು ಎಂದು ಅಳೆಯುವುದು. ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದೇನೆಂದರೆ, ಹಾನಿಯ ಬಹುಪಾಲು ಮೊದಲ ಕೆಲವು ನಡಿಗೆಯಲ್ಲೇ ಮುಗಿದಿರುತ್ತದೆ. ಆಮೇಲೆ ನಡೆದವರೆಲ್ಲ ಸತ್ತ ಹುಲ್ಲನ್ನೇ ಇನ್ನಷ್ಟು ತುಳಿದವರು.

ಇದರ ಅರ್ಥವನ್ನು ಒಂದು ಗಳಿಗೆ ಯೋಚಿಸಬೇಕು. 300 ಮಂದಿ ಒಂದೇ ಗೆರೆಯಲ್ಲಿ ಸಾಲಾಗಿ ಹತ್ತಿ ಸಾಲಾಗಿ ಇಳಿದರೆ, ಈಗಾಗಲೇ ಬೋಳಾಗಿರುವ ಗೆರೆ ಸ್ವಲ್ಪ ಹೆಚ್ಚು ಗಟ್ಟಿಯಾದೀತು. 30 ಮಂದಿ ತುದಿ ಕಂಡ ಖುಷಿಯಲ್ಲಿ ಹುಲ್ಲಿನ ಮೇಲೆ ಮೂವತ್ತು ದಿಕ್ಕಿಗೆ ಚದುರಿ, ಅಂಚಿನಲ್ಲಿ ಸೆಲ್ಫಿಗೆ ಜಾಗ ಹುಡುಕಿ ಅಲೆದರೆ, ಕೆಡುಕು ಅದಕ್ಕಿಂತ ಹೆಚ್ಚು. ಜನ ಕಡಿಮೆ ಇದ್ದ ದಿನ ಬೆಟ್ಟಕ್ಕೆ ಹಗುರವೆಂದು ನಾವು ಅಂದುಕೊಳ್ಳುತ್ತೇವೆ. ಜನ ಕಡಿಮೆ ಇದ್ದ ದಿನವೇ ಹಾದಿ ಬಿಟ್ಟು ಹೋಗುವ ಧೈರ್ಯ ಹೆಚ್ಚು. ನೋಂದಣಿ ವ್ಯವಸ್ಥೆ ಬುಡದಲ್ಲಿ ಎಷ್ಟು ಮಂದಿ ಬಂದರೆಂದು ಹೇಳಬಲ್ಲದು, ಮೇಲೆ ಹೋಗಿ ಅವರು ಎಲ್ಲಿ ಕಾಲಿಟ್ಟರೆಂಬುದು ಅದರ ಕಣ್ಣಿಗೆ ಬೀಳುವುದಿಲ್ಲ.

ತುದಿಗೇ ಏಕೆ ಇಷ್ಟು ಪೆಟ್ಟು? ಹಾದಿಯಲ್ಲಿ ಜನ ನಡೆಯುತ್ತಿರುತ್ತಾರೆ, ತುದಿಯಲ್ಲಿ ನಿಲ್ಲುತ್ತಾರೆ. ಕೂರುತ್ತಾರೆ, ತಿನ್ನುತ್ತಾರೆ, ಮಲಗುತ್ತಾರೆ, ಸುತ್ತು ಹೊಡೆಯುತ್ತಾರೆ. ಕುಕ್ಕೆಯಿಂದ ಬಂದವರೂ ಬೀದಳ್ಳಿಯಿಂದ ಬಂದವರೂ ಸೇರುವುದು ಇದೇ ಅಂಗಳದಲ್ಲಿ. ಮಣ್ಣು ಅತಿ ತೆಳ್ಳಗಿರುವುದೂ ಇಲ್ಲೇ, ಮೇಲಿನಿಂದ ಹೊಸ ಮಣ್ಣು ಹರಿದು ಬರಲು ಇದಕ್ಕಿಂತ ಮೇಲೆ ಏನೂ ಇಲ್ಲ. ಕಣಿವೆಯಲ್ಲಿ ಕೊಚ್ಚಿಹೋದದ್ದಕ್ಕೆ ಬದಲು ಬಂದೀತು. ನೆತ್ತಿಯಲ್ಲಿ ಹೋದದ್ದಕ್ಕೆ ಬಂಡೆ ಕರಗಿ ಮಣ್ಣಾಗುವವರೆಗೆ ಕಾಯಬೇಕು, ಅದು ನೂರಾರು ವರ್ಷದ ಮಾತು.

ಹೋದ ಮಣ್ಣಿನ ಜೊತೆ ಹೋಗುವುದು ನೀರು ಹಿಡಿಯುವ ಶಕ್ತಿ. ತಾರಕನನ್ನು ಕೊಂದ ಸುಬ್ರಹ್ಮಣ್ಯ ತನ್ನ ಆಯುಧ ತೊಳೆದದ್ದು ಕುಮಾರಧಾರೆಯಲ್ಲಿ ಎಂಬುದು ಸ್ಥಳಪುರಾಣ. ಆ ಹೊಳೆ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಬೀದಳ್ಳಿ ಸಮೀಪ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಕ್ಕೆಯಲ್ಲಿ ಸ್ನಾನಘಟ್ಟದ ಭಕ್ತರಿಗೆ ನೀರಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು, ಅಲ್ಲಿಂದ ಮಂಗಳೂರಿನ ನಲ್ಲಿಗೆ. ಏಪ್ರಿಲ್ ಬಂತೆಂದರೆ ತುಂಬೆಯಲ್ಲಿ ನೀರು ಎಷ್ಟು ಅಡಿ ಇದೆ ಎಂಬುದು ಅಲ್ಲಿನ ಪತ್ರಿಕೆಗಳಿಗೆ ದಿನವಹಿ ಸುದ್ದಿ. ಆ ನೀರಿಗೆ ನೆಲೆಯಾದ ಬೆಟ್ಟದ ಮೇಲಿನ ಹುಲ್ಲುಗಾವಲನ್ನು ಕಾಡು ಕಡಿದು ಬೋಳಾದ ಜಾಗವೆಂದು ಭಾವಿಸುವವರು ಈಗಲೂ ಇದ್ದಾರೆ. ಮೇಲೆ ಹುಲ್ಲು, ಮಡಿಕೆಗಳಲ್ಲಿ ಶೋಲಾ, ಈ ಜೋಡಿಯೇ ಇಲ್ಲಿನ ನಿಜವಾದ ಕಾಡು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ತೊಟ್ಟು ತೊಟ್ಟಾಗಿ ಬಿಡುವ ಕೆಲಸ ಎರಡೂ ಸೇರಿ ಮಾಡುವಂಥದ್ದು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪುಷ್ಪಗಿರಿ ವನ್ಯಜೀವಿಧಾಮವೂ ಅದರಲ್ಲಿ ಒಂದಾಯಿತು. ಕುಮಾರ ಪರ್ವತದ ಇನ್ನೊಂದು ಹೆಸರೇ ಪುಷ್ಪಗಿರಿ.

ನಮಗಿಂತ ಮೊದಲು ಈ ತೊಂದರೆ ಉಂಡವರು ಏನು ಮಾಡಿದರು? ಸ್ಕಾಟ್ಲೆಂಡಿನ ಬೆನ್ ನೆವಿಸ್ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ, ಎತ್ತರ 1345 ಮೀಟರ್, ನಮ್ಮದಕ್ಕಿಂತ ಗಿಡ್ಡ. ಅಲ್ಲೂ ಏರು ಶುರುವಾಗುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದ. 1883ರಲ್ಲಿ ತುದಿಯ ಮೇಲೆ ಹವಾಮಾನ ವೀಕ್ಷಣಾಲಯ ಕಟ್ಟಿದಾಗ ಸಾಮಾನು ಹೊರುವ ಕುದುರೆಗಳಿಗೆಂದು ಹಾದಿ ಮಾಡಿದರು. ವೀಕ್ಷಣಾಲಯ 1904ರಲ್ಲಿ ಮುಚ್ಚಿತು, ಹಾದಿ ಉಳಿಯಿತು. ಈಗ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮಂದಿ ಹತ್ತುತ್ತಾರೆ. 2000ದಲ್ಲಿ ಜಾನ್ ಮ್ಯೂರ್ ಟ್ರಸ್ಟ್ ಎಂಬ ಸಂಸ್ಥೆ ತುದಿಯನ್ನೂ ಒಳಗೊಂಡ ಆ ಜಮೀನನ್ನು ಕೊಂಡಿತು. 2006ರಲ್ಲಿ ಅದರ ಸ್ವಯಂಸೇವಕರು ತುದಿಯ ಕಲ್ಲುಗುಡ್ಡೆಯೊಂದನ್ನು ಬಿಚ್ಚಿದರೆ, ಒಳಗೆ ಪಿಯಾನೊ! 1986ರ ಡಿಸೆಂಬರ್ ಎಂದು ಅವಧಿ ಮುದ್ರಿಸಿದ್ದ ಬಿಸ್ಕತ್ತಿನ ಪೊಟ್ಟಣವೂ ಜೊತೆಗಿತ್ತು. ಸುದ್ದಿ ಜಗತ್ತೆಲ್ಲ ಹರಡಿದ ಮೇಲೆ ಮರ ಕಡಿಯುವ ಕಸುಬಿನ ಒಬ್ಬರು ಮುಂದೆ ಬಂದು, ಅದು ಪಿಯಾನೊ ಅಲ್ಲ, ಆರ್ಗನ್, 1971ರಲ್ಲಿ ದಾನಕ್ಕೆ ಹಣ ಕೂಡಿಸಲು ನಾನೇ ಬೆನ್ನ ಮೇಲೆ ಹೊತ್ತು ತಂದೆ ಎಂದರು. ಹೊತ್ತು ಹತ್ತುವ ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಹೊತ್ತು ಇಳಿಯುವ ಮಾತು ಬಂದಾಗ ಮೂವತ್ತೈದು ವರ್ಷ ಕಳೆದಿತ್ತು.

ಸ್ಕಾಟ್ಲೆಂಡಿನಿಂದ ಇನ್ನೊಂದು ಕಲಿಯುವಂಥದ್ದಿದೆ. ಸತ್ತವರ ನೆನಪಿಗೆ ಫಲಕ ನೆಡುವುದು, ಚಿತಾಭಸ್ಮ ಚೆಲ್ಲುವುದು ಅಲ್ಲಿನ ಹಲವು ತುದಿಗಳಲ್ಲಿ ರೂಢಿಯಾಗಿತ್ತು. ಬೂದಿಯಲ್ಲಿ ರಂಜಕವಿದೆ. ಬಡಮಣ್ಣಿಗೆ ಒಗ್ಗಿ ಬೆಳೆದ ಸಸ್ಯಗಳ ನಡುವೆ ಅದು ಗೊಬ್ಬರ ಹಾಕಿದಂತೆ, ಬೇರೆ ಸಸ್ಯಗಳು ಜಾಗ ಹಿಡಿಯುತ್ತವೆ. ಜನಪ್ರಿಯ ತುದಿಗಳಲ್ಲಿ ಬೂದಿ ಬಿಡಬೇಡಿ ಎಂದು ಸ್ಕಾಟ್ಲೆಂಡಿನ ಪರ್ವತಾರೋಹಿಗಳ ಮಂಡಳಿ 2006ರಲ್ಲಿ ವಿನಂತಿಸಿಕೊಂಡಿತು. ಭಕ್ತಿಗೆ ಬೇಡ ಎನ್ನಲಿಲ್ಲ, ಜಾಗ ಬೇರೆ ಹುಡುಕಿ ಎಂದಿತು. ನಮ್ಮಲ್ಲೂ ತುದಿಯ ಕಲ್ಲಿಗೆ ಕುಂಕುಮ, ಕರ್ಪೂರ, ಪ್ಲಾಸ್ಟಿಕ್ ಹೂವಿನ ಹಾರ, ಊದುಬತ್ತಿಯ ಖಾಲಿ ಡಬ್ಬಿ. ಕುಕ್ಕೆಯಲ್ಲಿ ಪೂಜೆ ಸಲ್ಲಿಸಿ, ಮೇಲೆ ಬರೀ ಕೈಮುಗಿದರೆ ಸುಬ್ರಹ್ಮಣ್ಯ ಮುನಿಸಿಕೊಳ್ಳುವ ದೇವರಲ್ಲ ಎಂದು ನನ್ನ ಎಣಿಕೆ.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಇನ್ನೊಂದು ಉದಾಹರಣೆ. ನ್ಯೂಯಾರ್ಕ್ ರಾಜ್ಯದ ಆಡಿರಾಂಡಕ್ ಬೆಟ್ಟಗಳಲ್ಲಿ ಅತಿ ಎತ್ತರದ್ದು ಮೌಂಟ್ ಮಾರ್ಸಿ, 1629 ಮೀಟರ್, ನಮ್ಮ ಕುಮಾರ ಪರ್ವತದ ಸರಿಸುಮಾರು ಓರಗೆಯದು. 1960ರ ದಶಕದಲ್ಲಿ ಚಾರಣದ ಹುಚ್ಚು ಹಬ್ಬಿ ಅಲ್ಲಿನ ತುದಿಗಳ ಅಪರೂಪದ ಸಸ್ಯಹಾಸು ಕಿತ್ತುಹೋಗಿ ಬಂಡೆ ಕಾಣತೊಡಗಿತು. ಎಡ್ವಿನ್ ಕೆಚ್‌ಲೆಡ್ಜ್ ಎಂಬ ಸಸ್ಯವಿಜ್ಞಾನದ ಪ್ರಾಧ್ಯಾಪಕರು ಬೋಳಾದ ಜಾಗದಲ್ಲಿ ಸಾಮಾನ್ಯ ಹುಲ್ಲಿನ ಬೀಜ ಬಿತ್ತಿ ನೋಡಿದರು. ಪರವೂರಿನ ಹುಲ್ಲು ನಾಲ್ಕು ದಿನ ಮಣ್ಣು ಹಿಡಿದಿಟ್ಟರೆ, ಅದರ ನೆರಳಿನಲ್ಲಿ ಅಲ್ಲಿನದೇ ಸಸ್ಯ ಮರಳೀತು ಎಂಬ ಲೆಕ್ಕಾಚಾರ. ಬೆಟ್ಟ ಹತ್ತುವವರ ಸಂಘದ ಸ್ವಯಂಸೇವಕರು ಬೀಜ, ಗೊಬ್ಬರ ಹೊತ್ತರು. ಲೆಕ್ಕಾಚಾರ ಫಲಿಸಿತು. ಆದರೆ ನೆಟ್ಟದ್ದನ್ನು ಮತ್ತೆ ತುಳಿದರೆ? ಹಾಗಾಗಿ 1989ರಲ್ಲಿ ಶಿಖರಪಾಲಕರ ಯೋಜನೆ ಶುರುವಾಯಿತು. ಚಾರಣದ ಕಾಲದಲ್ಲಿ ಪಾಲಕರೊಬ್ಬರು ದಿನವೂ ಬೆಟ್ಟ ಹತ್ತಿ ತುದಿಯಲ್ಲಿ ಕೂರುತ್ತಾರೆ. ಬಂದವರಿಗೆ ಸ್ವಾಗತ ಹೇಳಿ, ಬಂಡೆಯ ಮೇಲೆ ಎಷ್ಟು ಬೇಕಾದರೂ ಓಡಾಡಿ, ಈ ಹಸಿರಿನ ಮೇಲೆ ಬೇಡ ಎಂದು ವಿವರಿಸುತ್ತಾರೆ. ದಂಡ ಹಾಕುವುದು ಅವರ ಕೆಲಸವಲ್ಲ. ಬುಡದಲ್ಲಿ ಕಲ್ಲು ತುಂಬಿದ ಪೆಟ್ಟಿಗೆಗಳನ್ನಿಟ್ಟು, ಹತ್ತುವವರು ಒಂದೊಂದು ಕಲ್ಲು ಹೊತ್ತು ತನ್ನಿ ಎಂದು ಕೇಳಿಕೊಂಡದ್ದೂ ಉಂಟು. ಆ ಕಲ್ಲುಗಳು ಮೇಲೆ ಹಾದಿಯ ಅಂಚು ಗುರುತಿಸಲು, ಮಣ್ಣು ತಡೆಯಲು ಬಳಕೆಯಾದವು. ಅದೇ ಜಾಗದಿಂದ ವರ್ಷಗಳ ಅಂತರದಲ್ಲಿ ತೆಗೆದ ಫೋಟೊಗಳಲ್ಲಿ ಬೋಳುನೆಲ ಹಸಿರಾದದ್ದು ಕಾಣುತ್ತದೆ.

ಕುಮಾರ ಪರ್ವತಕ್ಕೆ ಬೇಕಾದದ್ದು ಇಂಥ ಒಬ್ಬ ಮನುಷ್ಯ. ಚೆಕ್‌ಪೋಸ್ಟಿನಲ್ಲಿ ಚೀಲ ತಡಕುವವರಿದ್ದಾರೆ, ತುದಿಯಲ್ಲಿ ಮಾತಾಡಿಸುವವರಿಲ್ಲ. ತಾಸುಗಟ್ಟಲೆ ಬೆವರು ಸುರಿಸಿ ಬಂದವನಿಗೆ ಬೋರ್ಡಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಪಕ್ಕದಲ್ಲಿ ಕೂತು, ಎಲ್ಲಿಂದ ಬಂದಿರಿ ಎಂದು ಕೇಳಿ, ಅಲ್ಲಿ ಆ ಹುಲ್ಲಿನ ಮೇಲೆ ಬೇಡ, ಈ ಬಂಡೆಯ ಮೇಲೆ ಕೂತರೆ ನೋಟ ಇನ್ನೂ ಚೆನ್ನ ಎಂದರೆ ಸಾಕು, ಹತ್ತರಲ್ಲಿ ಎಂಟು ಮಂದಿ ಎದ್ದು ಬರುತ್ತಾರೆ. ಕಲ್ಲು ಒಟ್ಟಿ ಗೋಪುರ ಮಾಡುವ ಖಯಾಲಿಗೂ ಇದೇ ಮದ್ದು. ಕಿತ್ತ ಪ್ರತಿ ಕಲ್ಲಿನ ಅಡಿಯಲ್ಲಿ ತೇವವಿತ್ತು, ಚೇಳು, ಜೇಡ, ಹಲ್ಲಿಗಳ ಮನೆಯಿತ್ತು, ಮೇಲಾಗಿ ಆ ಕಲ್ಲು ತನ್ನ ಹಿಂದೆ ಒಂದು ಬೊಗಸೆ ಮಣ್ಣು ತಡೆದು ಕೂತಿತ್ತು ಎಂದು ತೋರಿಸಿಕೊಟ್ಟರೆ ಸಾಮಾನ್ಯವಾಗಿ ಜನ ವಾಪಸ್ ಇಡುತ್ತಾರೆ. ಬಾಳೆಹಣ್ಣಿನ ಸಿಪ್ಪೆ ಗೊಬ್ಬರವಾಗುತ್ತದೆ ಎನ್ನುವವರು ಮಾತ್ರ ಸ್ವಲ್ಪ ವಾದ ಮಾಡುತ್ತಾರೆ. ಗೊಬ್ಬರವಾಗುವುದು ಹೌದು, ಆ ಜಾಗಕ್ಕೆ ಗೊಬ್ಬರ ಬೇಕಿಲ್ಲ ಎಂಬುದು ಉತ್ತರ. ಶೌಚದ ವಿಷಯವನ್ನು ಮುಜುಗರವಿಲ್ಲದೆ ಹೇಳುವುದೂ ಆ ಮನುಷ್ಯನ ಪಾಲಿಗೇ. ತುದಿಯಲ್ಲಿ ಗುಂಡಿ ತೋಡಲು ಮಣ್ಣೇ ಇಲ್ಲ, ಕೆಳಗೆ ಮಣ್ಣು ಆಳವಿರುವಲ್ಲಿ, ಒರತೆಯಿಂದ ದೂರದಲ್ಲಿ ಮುಗಿಸಿಕೊಂಡು ಬರಬೇಕು.

ಹಾದಿಯ ದುರಸ್ತಿಗೆ ಪರದೇಶದ ಪರಿಣತರನ್ನು ಕರೆಸುವ ಅಗತ್ಯ ಕಾಣುವುದಿಲ್ಲ. ಇಳಿಜಾರಿನ ಹಾದಿಗೆ ಓರೆಯಾಗಿ ಕಲ್ಲಿನ ಸಾಲು ಹೂತು, ಬರುವ ನೀರನ್ನು ಅಲ್ಲಲ್ಲೇ ಪಕ್ಕಕ್ಕೆ ತಿರುಗಿಸಿಬಿಡುವುದು ಎಲ್ಲ ಕಡೆಯೂ ಬಳಸುವ ಮೊದಲ ಉಪಾಯ. ನೀರು ಸೇರಿ ಜೋರಾಗುವ ಮೊದಲೇ ಅದನ್ನು ಒಡೆದು ಹಂಚಬೇಕು. ಸುಳ್ಯ, ಕಡಬದ ಅಡಿಕೆ ಬೆಳೆಗಾರ ತನ್ನ ಇಳಿಜಾರು ತೋಟದಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡುವುದೂ ಇದನ್ನೇ, ಬಸಿಗಾಲುವೆಯ ಹೂಳು ತೆಗೆದು, ಕಣಿಯ ಅಂಚು ಕಟ್ಟಿ, ನೀರಿಗೆ ದಾರಿ ತೋರಿಸುತ್ತಾನೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟ ಕಟ್ಟುವ ಕೈಗಳೂ ಈ ಸೀಮೆಯಲ್ಲಿವೆ. ತೀರಾ ಬೋಳಾದ ಕಡೆ ತೆಂಗಿನ ನಾರಿನ ಚಾಪೆ ಹಾಸಿ, ಪಕ್ಕದ ಹುಲ್ಲಿನದೇ ಬೀಜ ಉದುರಿಸಿದರೆ, ಚಾಪೆ ಕರಗುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಆಡಿರಾಂಡಕ್‌ನಲ್ಲಿ ಫಲಿಸಿತೆಂದು ಇಲ್ಲಿ ಬೀಜ ಹೊರಗಿನಿಂದ ತರಬಾರದು, ಕಳೆ ಬಂದೀತು. ಸಿಮೆಂಟಿನ ಮೆಟ್ಟಿಲಂತೂ ಬೇಡವೇ ಬೇಡ. ಸಿಮೆಂಟು ನೀರನ್ನು ಕುಡಿಯುವುದಿಲ್ಲ, ಕೆಳಗಿನ ಅಂಚಿಗೆ ಒಯ್ದು ಒಂದೇ ಕಡೆ ಸುರಿಯುತ್ತದೆ, ಕೊರಕಲು ಅಲ್ಲಿಂದ ಶುರು. ಒಮ್ಮೆ ಮಾಡಿ ಮರೆಯುವ ಕೆಲಸವೂ ಇದಲ್ಲ. ಓರೆ ಸಾಲಿನ ಹಿಂದೆ ಹೂಳು ತುಂಬಿತೆಂದರೆ ನೀರು ಮೇಲಿಂದ ಹಾರಿ ಹಳೆಯ ದಾರಿಗೇ ಬೀಳುತ್ತದೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹಾರೆ ಹಿಡಿದು ಹೋಗುವ ಒಂದು ತಂಡ ಬೇಕು. ಚಾರಣಿಗರಿಂದ ಪಡೆಯುವ ಶುಲ್ಕದಲ್ಲಿ ಒಂದು ಪಾಲನ್ನು ಈ ಕೂಲಿಗೆಂದೇ ತೆಗೆದಿಟ್ಟರೆ, ಶುಲ್ಕ ಹೆಚ್ಚಾಯಿತೆಂದು ಗೊಣಗುವವರಿಗೂ ಕಣ್ಣಿಗೆ ಕಾಣುವ ಉತ್ತರ ಸಿಕ್ಕೀತು.

ಉಳಿದದ್ದು ಬಾಗಿಲು ತೆರೆಯುವ ದಿನದ ಪ್ರಶ್ನೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರಿಕೆಗೆ ಹೆದರಿ ಹಾದಿ ಮುಚ್ಚುತ್ತಾರೆ, ಮಳೆ ಕಳೆದ ಮೇಲೆ ತೆರೆಯುತ್ತಾರೆ. ಚಾರಣಿಗರಿಗೆ ಅತಿ ಇಷ್ಟದ ಕಾಲವೂ ಅದೇ, ಹುಲ್ಲು ಹಸಿರು, ಮಂಜು, ತೊರೆಗಳಲ್ಲಿ ನೀರು. ಮಣ್ಣು ಅತಿ ಮೆತ್ತಗಿರುವುದೂ ಆಗಲೇ. ಒಣಮಣ್ಣಿನಲ್ಲಿ ಗುರುತೂ ಬೀಳದ ಹೆಜ್ಜೆ, ಒದ್ದೆಮಣ್ಣಿನಲ್ಲಿ ಹಿಮ್ಮಡಿ ಮುಳುಗುವಷ್ಟು ಗುಂಡಿ ಮಾಡುತ್ತದೆ. ಹಿಂಗಾರು ಜೋರಾದ ವರ್ಷ ಅಕ್ಟೋಬರ್ ಕಳೆದರೂ ಶೇಷ ಪರ್ವತದ ಬೆನ್ನು ಆರಿರುವುದಿಲ್ಲ. ಕ್ಯಾಲೆಂಡರಿನ ತಾರೀಖಿಗೆ ಬದಲು ಕಲ್ಲುಮಂಟಪದಿಂದ ಮೇಲಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ, ನೀರು ಜಿನುಗಿದರೆ ಇನ್ನು ಹತ್ತು ದಿನ ಮುಂದೂಡಿ ಎಂದು ಹೇಳುವ ಅಧಿಕಾರ ಅಲ್ಲಿನ ಗಾರ್ಡಿಗೆ ಇರಬೇಕು. ಬುಕಿಂಗ್ ಆಗಲೇ ಆನ್‌ಲೈನಿನಲ್ಲಿದೆ, ಹಣ ಕಟ್ಟಿದವರಿಗೆ ಒಂದು ಸಂದೇಶ ಕಳಿಸಿ ಬೇರೆ ದಿನ ಕೊಡುವುದು ದೊಡ್ಡ ಕೆಲಸವೇನಲ್ಲ.